ಭಾನುವಾರದ ಪ್ರಶ್ನೋತ್ತರ: ಮಾಡಿನ ಮೇಲೆ ಸೋಲಾರ್, ಸರಕಾರದ 2050, ನಮ್ಮ ಕರೆಂಟು ಬಿಲ್ಲು

ಅಡ್ಮಿನ್: ನಮ್ಮ ಕಾಸರಗೋಡು ಜಿಲ್ಲೆಯ ಗುಂಪಿನ ಎಲ್ಲರಿಗೂ ನಮಸ್ಕಾರ. ಕಳೆದ ವಾರ ಪಶುವೈದ್ಯರಿದ್ದರು. ಈ ವಾರ ನಮ್ಮ ಗುಂಪಿನವರೇ ಆದ, ಸೋಲಾರ್ ಮತ್ತು ವಯರಿಂಗ್ ಕೆಲಸ ಮಾಡಿಸುವ ಇಂಜಿನಿಯರ್. 2050ರ ಒಳಗೆ ರಾಜ್ಯವನ್ನು ಕಾರ್ಬನ್ ನ್ಯೂಟ್ರಲ್ (ಹೊರಬಿಟ್ಟಷ್ಟೇ ಇಂಗಾಲವನ್ನು ಹೀರಿ ಲೆಕ್ಕ ಸೊನ್ನೆ) ಮಾಡುವುದಾಗಿ ಕೇರಳ ಸರಕಾರ ಹೇಳಿದೆ. ಅದರಲ್ಲಿ ನಮ್ಮ ಮನೆ, ತೋಟ, ಅಂಗಡಿಗೆ ಸಂಬಂಧಪಟ್ಟದ್ದನ್ನು ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ರಾಜಕೀಯ ಬೇಡ.

ಪೆರ್ಲದ ಭಟ್ಟ: ಸರ್, ಮನೆ ಸೋಲಾರಿಗೆ ಕೇಂದ್ರ ಸರಕಾರದ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ ಸಬ್ಸಿಡಿ ಎಷ್ಟು ಸಿಗ್ತದೆ? ಮೂರು ಕಿಲೋವ್ಯಾಟ್ ಹಾಕುವ ಯೋಚನೆ ಉಂಟು.

ಇಂಜಿನಿಯರ್: ನಮಸ್ಕಾರ ಭಟ್ರೇ. ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ 78,000 ರೂಪಾಯಿ. ಮೂರರಿಂದ ಮೇಲೆ ಎಷ್ಟೇ ಹಾಕಿ, 78,000ವೇ. ಪ್ಯಾನೆಲ್ ಈ ದೇಶದಲ್ಲೇ ತಯಾರಾದದ್ದಿರಬೇಕು, ಕೆಲಸ ಮಾಡುವವನ ಹೆಸರು ಪೋರ್ಟಲಿನ ಪಟ್ಟಿಯಲ್ಲಿರಬೇಕು. ಮೊದಲು ನೀವು ಖರ್ಚು ಮಾಡುವುದು; ಕೆಲಸ ಮುಗಿದು, ಮೀಟರ್ ಕೂತು, ತಪಾಸಣೆ ಆದ ಮೇಲೆ ಹಣ ನಿಮ್ಮ ಖಾತೆಗೆ ಬರ್ತದೆ. "ಸಬ್ಸಿಡಿ ಕಳೆದು ಉಳಿದದ್ದು ಕೊಡಿ ಸಾಕು" ಅಂತ ಯಾರಾದರೂ ಹೇಳಿದರೆ ಅದನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಎಣ್ಮಕಜೆ ಕೃಷಿಕ: ನಮ್ಮದು ಟೆರೇಸ್ ಮನೆ, ಆದರೆ ಟೆರೇಸಿನಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೀಟಿನ ಗೂಡು ಉಂಟು. ಪಡುದಿಕ್ಕಿನಲ್ಲಿ ತೆಂಗಿನ ಮರ ನಾಲ್ಕು. ಪ್ಯಾನೆಲ್ ಎಲ್ಲಿ ಇಡುವುದು?

ಇಂಜಿನಿಯರ್: ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರ ಅಡಿ ಜಾಗ, ಅದೂ ನೆರಳಿಲ್ಲದ್ದು ಬೇಕು. ಗೂಡಿನ ಮೇಲೆ ಪ್ಯಾನೆಲ್ ಕೂರಿಸುವ ಯೋಚನೆ ಬಿಡಿ. ಅಡಿಗೆ ಬಿಸಿಲು ಬೀಳದೆ ಅಡಿಕೆ ಬೂಸಲು ಬರ್ತದೆ, ಗೂಡಿನ ಪೈಪು ಗಾಳಿಗೆ ತಡೆಯುವುದೂ ಇಲ್ಲ. ತೆಂಗಿನ ನೆರಳು ಮಧ್ಯಾಹ್ನ ಮೂರರ ಮೇಲೆ ಬೀಳುವುದಾದರೆ ಸಹಿಸಬಹುದು. ಒಂದೇ ಸೋಗೆ ಒಂದು ಪ್ಯಾನೆಲ್ಲಿಗೆ ಅಡ್ಡ ಬಂದರೂ ಸಾಲಿನಲ್ಲಿರುವ ಬೇರೆ ಪ್ಯಾನೆಲುಗಳ ಕೆಲಸವನ್ನೂ ಎಳೆಯುತ್ತದೆ, ಹಾಗಾಗಿ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಗಂಟೆಗೊಂದು ಫೋಟೋ ತೆಗೆದಿಡಿ. ಮನೆಗಿಂತ ಕೊಟ್ಟಿಗೆಯ ಮಾಡು ಒಳ್ಳೆಯದೋ ಅಂತ ಅದನ್ನು ನೋಡಿ ಹೇಳಬಹುದು. ಮರ ಕಡಿಯುವ ಅವಸರ ಬೇಡ.

ಮುಳ್ಳೇರಿಯದ ಟೀಚರ್: ಸರ್, ಶಾಲೆಯಲ್ಲಿ ಮಕ್ಕಳು ಕೇಳ್ತಾರೆ. ಇಡುಕ್ಕಿಯಲ್ಲಿ ನೀರಿನಿಂದಲೇ ಕರೆಂಟು ಮಾಡುವ ಕೇರಳಕ್ಕೆ ಕಾರ್ಬನ್ ತಗ್ಗಿಸುವ ಕೆಲಸ ಎಂತಕ್ಕೆ? ನಮ್ಮ ಮನೆಯ ಮೂರು ಕಿಲೋವ್ಯಾಟಿನಿಂದ ಏನಾದರೂ ಆಗ್ತದಾ?

ಇಂಜಿನಿಯರ್: ಟೀಚರೇ, ಇವತ್ತಿನ ಒಳ್ಳೆಯ ಪ್ರಶ್ನೆ ಇದು. ಇಡುಕ್ಕಿಯದ್ದು 780 ಮೆಗಾವ್ಯಾಟ್. 2024ರ ಮೇ ತಿಂಗಳ ಸೆಕೆಯಲ್ಲಿ ರಾಜ್ಯ ಒಂದೇ ಹೊತ್ತಿಗೆ ಕೇಳಿದ್ದು 5,700 ಮೆಗಾವ್ಯಾಟಿಗೂ ಹೆಚ್ಚು. ನಮಗೆ ಬೇಕಾದದ್ದರಲ್ಲಿ ಬಹುಪಾಲು ಹೊರಗಿನಿಂದ ಬರ್ತದೆ. ರಾಮಗುಂಡಂ, ತಾಲ್ಚೇರ್, ನೈವೇಲಿ ಎಲ್ಲ ಕಲ್ಲಿದ್ದಲು, ಲಿಗ್ನೈಟಿನ ಸ್ಥಾವರಗಳು. ಹೊಗೆ ಅಲ್ಲಿ ಏಳುತ್ತದೆ, ಫ್ಯಾನು ಮುಳ್ಳೇರಿಯದಲ್ಲಿ ತಿರುಗುತ್ತದೆ.

ಈಗ ಲೆಕ್ಕ. ಮೂರು ಕಿಲೋವ್ಯಾಟ್ ನಮ್ಮ ಕಡೆ ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ ಕೊಡ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಅರ್ಧವೂ ಬಾರದ ದಿನಗಳಿವೆ, ಫೆಬ್ರವರಿ ಮಾರ್ಚಿನಲ್ಲಿ ಅದಕ್ಕಿಂತ ಹೆಚ್ಚು ಬರ್ತದೆ. ವರ್ಷಕ್ಕೆ ನಾಲ್ಕು ಸಾವಿರ ಯೂನಿಟ್ ಅಂತಿಟ್ಟುಕೊಳ್ಳಿ. ದೇಶದ ಗ್ರಿಡ್ಡಿನಲ್ಲಿ (ಕರೆಂಟಿನ ಜಾಲದಲ್ಲಿ) ಒಂದು ಯೂನಿಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬೀಳ್ತದೆ. ಅಂದರೆ ವರ್ಷಕ್ಕೆ ಎರಡೂಮುಕ್ಕಾಲು ಟನ್ನಿನ ಹತ್ತಿರ ಉಳಿಯಿತು. ಒಂದು ಮನೆಗೆ ಇದು ಸಣ್ಣ ಲೆಕ್ಕವಲ್ಲ.

ಆದರೆ ಮಕ್ಕಳಿಗೆ ಇದರ ಇನ್ನೊಂದು ಮುಖವನ್ನೂ ಹೇಳಿ. ನಮ್ಮಲ್ಲಿ ಕರೆಂಟಿಗೆ ಬೇಡಿಕೆ ಹೆಚ್ಚುವುದು ಸಂಜೆ ಆರರಿಂದ ಹತ್ತು. ಆ ಹೊತ್ತಿಗೆ ಸೂರ್ಯ ಅರಬ್ಬೀ ಸಮುದ್ರದೊಳಗೆ. ಹಗಲು ನೀವು ಗ್ರಿಡ್ಡಿಗೆ ಕೊಟ್ಟ ಯೂನಿಟನ್ನು ನೆಟ್ ಮೀಟರ್ ಬರೆದಿಟ್ಟುಕೊಂಡು ರಾತ್ರಿಯದ್ದಕ್ಕೆ ವಜಾ ಮಾಡ್ತದೆ. ಬಿಲ್ಲಿನಲ್ಲಿ ಸೊನ್ನೆ ಬಂತು ಅಂತ ಖುಷಿ, ಸರಿ. ರಾತ್ರಿ ನಿಮ್ಮ ಎಸಿಗೆ ಬಂದದ್ದರಲ್ಲಿ ಮಾತ್ರ ಹೆಚ್ಚಿನ ಪಾಲು ಕಲ್ಲಿದ್ದಲಿನದ್ದೇ. ಬಿಲ್ಲಿನ ಸೊನ್ನೆ ಬೇರೆ, ಹೊಗೆಯ ಸೊನ್ನೆ ಬೇರೆ. ಸರಕಾರಕ್ಕೂ ಇದು ಗೊತ್ತು. ನಮ್ಮದೇ ಜಿಲ್ಲೆಯ ಮೈಲಾಟಿ ಸಬ್‌ಸ್ಟೇಷನ್ನಿನಲ್ಲಿ 125 ಮೆಗಾವ್ಯಾಟಿನ ಬ್ಯಾಟರಿಯ ಯೋಜನೆ ಇರುವುದು ಅದಕ್ಕೇ. 500 ಮೆಗಾವ್ಯಾಟ್ ಅವರ್, ಅಂದರೆ ಪೂರ್ತಿ ಜೋರಿನಲ್ಲಿ ಕೊಟ್ಟರೆ ನಾಲ್ಕು ಗಂಟೆ ಬರ್ತದೆ. ಆರರಿಂದ ಹತ್ತು. ಲೆಕ್ಕ ಹೊಂದುತ್ತದಲ್ಲ? ನನ್ನನ್ನು ಕೇಳಿದರೆ ಇನ್ನು ಹತ್ತು ಸಾವಿರ ಮಾಡಿಗೆ ಪ್ಯಾನೆಲ್ ಹಾಕುವುದಕ್ಕಿಂತ ಈ ಕೆಲಸ ಮೊದಲು ಆಗಬೇಕು. ಪ್ಯಾನೆಲ್ ಹಾಕಿಸಿ ಹೊಟ್ಟೆ ಹೊರೆಯುವವನೇ ಇದನ್ನು ಹೇಳ್ತಿದ್ದೇನೆ.

ಮುಳ್ಳೇರಿಯದ ಟೀಚರ್: ಧನ್ಯವಾದ ಸರ್. ಹಾಗಾದರೆ ಗ್ರೈಂಡರು, ವಾಷಿಂಗ್ ಮೆಷಿನ್ನು ಹಗಲೇ ಹಾಕುವುದು ಒಳ್ಳೆಯದು?

ಇಂಜಿನಿಯರ್: ಹೌದು. ಪಂಪು ಕೂಡ.

ಪೈವಳಿಕೆ ರೈ: ಬ್ಯಾಟರಿ ನಮ್ಮ ಜಿಲ್ಲೆಗೆ, ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಗೆ. ಕರೆಂಟು ಮಾತ್ರ ತಿರುವನಂತಪುರಕ್ಕೆ. ಪೈವಳಿಕೆ, ಮೀಂಜ, ಚಿಪ್ಪಾರು ಸೇರಿ 250 ಎಕರೆ. 50 ಮೆಗಾವ್ಯಾಟ್. 2021ರ ಫೆಬ್ರವರಿಯಲ್ಲಿ ಪ್ರಧಾನಿ ಉದ್ಘಾಟನೆ ಮಾಡಿದರು. ನಾವು ಸಣ್ಣವರಿದ್ದಾಗ ಆ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ದನ ಮೇಯಿಸಿದವರು. ಈಗ ಬೇಲಿ.

ಬಾಯಾರು ಶೆಟ್ಟಿ: ರೈಗಳೇ, ಆ ಮುರಕಲ್ಲಿನ ಪದವಿನಲ್ಲಿ ಎಂತ ಬೆಳೀತಿತ್ತು? ಮುಳಿಹುಲ್ಲು. ಸುಮ್ಮನೆ ಬಿದ್ದಿತ್ತು.

ಪೈವಳಿಕೆ ರೈ: ಸುಮ್ಮನೆ ಬಿದ್ದಿತ್ತು ಅಂತ ಹೇಳುವವರು ಆ ಮುಳಿಹುಲ್ಲಿನಲ್ಲೇ ಮಾಡು ಹೊದೆಸಿದವರ ಮೊಮ್ಮಕ್ಕಳು. ಮಳೆಗಾಲದಲ್ಲಿ ಪದವಿನ ಮೇಲೆ ನಿಂತ ನೀರು ಇಂಗಿ ಕೆಳಗೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗಕ್ಕೆ ಬರುವುದು. ಅದು ನಿಮಗೆ ಲೆಕ್ಕಕ್ಕಿಲ್ಲ.

ಮಂಗಳೂರಿನಲ್ಲಿರುವ ಕಾಸರಗೋಡಿಗ: ಪದವು ಬಿಡಿ, ಉಡುಪಿ–ಕಾಸರಗೋಡು 400 ಕೆವಿ ಲೈನಿನ ವಿಷಯ ಮಾತಾಡಿ. ತಂತಿಯ ಅಡಿಯಲ್ಲಿ ತೆಂಗು, ಅಡಿಕೆ ಇಡುವ ಹಾಗಿಲ್ಲ. ಉಡುಪಿಯ ಕಲ್ಲಿದ್ದಲಿನ ಕರೆಂಟು ತರಲಿಕ್ಕೆ ಹಸಿರು ತೋಟ ಕಡಿದು ಕಾರ್ಬನ್ ನ್ಯೂಟ್ರಲ್ ಅಂತೆ!

ಬಾಯಾರು ಶೆಟ್ಟಿ: ಲೈನು ಬೇಡ, ಪಾರ್ಕು ಬೇಡ, ಕಲ್ಲಿದ್ದಲು ಬೇಡ. ಎಸಿ ಬೇಕು. ನೀವು ಮಂಗಳೂರಿನ ಫ್ಲ್ಯಾಟಿನಲ್ಲಿ ಕೂತು ತೋಟದ ಚಿಂತೆ ಮಾಡ್ತೀರಿ.

ಮಂಗಳೂರಿನಲ್ಲಿರುವ ಕಾಸರಗೋಡಿಗ: ತೋಟ ನನ್ನ ಅಪ್ಪನದ್ದು ಶೆಟ್ರೇ. ನಿಮ್ಮದಲ್ಲ.

ಇಂಜಿನಿಯರ್: ಒಂದು ಮಾತು. ಆ ಲೈನು ಕರಿಂದಳದ ಸಬ್‌ಸ್ಟೇಷನ್ನಿಗೆ ಬರುವ ಅಂತಾರಾಜ್ಯ ಲೈನು. ಅದರಲ್ಲಿ ಹರಿಯುವ ಕರೆಂಟಿಗೆ ಉಡುಪಿಯದ್ದು, ಪಾವಗಡದ ಸೋಲಾರಿನದ್ದು ಅಂತ ಚೀಟಿ ಅಂಟಿಸಿರುವುದಿಲ್ಲ. ಪರಿಹಾರ ಸಾಲದು ಅನ್ನುವ ಮಾತು ನ್ಯಾಯವೇ. ಅದನ್ನು ನಾನು ತೀರ್ಮಾನಿಸಲು ಆಗುವುದಿಲ್ಲ. ಮುಂದಿನ ಪ್ರಶ್ನೆ.

ಉಪ್ಪಳದ ಅಂಗಡಿ: ಫಾರ್ವರ್ಡ್ ಮಾಡಲಾಗಿದೆ: "ಕೆಎಸ್ಇಬಿ (ಕೇರಳ ವಿದ್ಯುತ್ ಮಂಡಳಿ) ಬಚ್ಚಿಟ್ಟ ರಹಸ್ಯ! ಈ ಸಣ್ಣ ಪೆಟ್ಟಿಗೆಯನ್ನು ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು 40% ಕಡಿಮೆ. ಇಂಗಾಲವೂ ಕಡಿಮೆ. ಹತ್ತು ಜನಕ್ಕೆ ಕಳುಹಿಸಿ." ಇದು ಹೌದಾ ಸರ್?

ಇಂಜಿನಿಯರ್: ಅಲ್ಲ. ಒಳಗೆ ಒಂದು ಸಣ್ಣ ಕೆಪಾಸಿಟರ್, ಒಂದು ಹಸಿರು ದೀಪ. ಮನೆಯ ಮೀಟರ್ ಎಣಿಸುವುದು ನೀವು ಬಳಸಿದ ಯೂನಿಟನ್ನು. ಕೆಪಾಸಿಟರ್ ಅದನ್ನು ಕಡಿಮೆ ಮಾಡುವುದಿಲ್ಲ, ಆ ಹಸಿರು ದೀಪದ್ದು ನಿಮ್ಮ ಬಿಲ್ಲಿಗೇ ಸೇರ್ತದೆ. ಬಿಲ್ಲು ತಗ್ಗಬೇಕಾ? ಹಳೆಯ ಫ್ಯಾನು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನು 30 ವ್ಯಾಟ್. ಅದನ್ನು ಬದಲಿಸಿ. ಮೀಟರಿಗೆ ಆಯಸ್ಕಾಂತ ಇಡುವ ಫಾರ್ವರ್ಡ್ ಬರುವ ಮೊದಲೇ ಹೇಳ್ತೇನೆ: ಅದು ಕಳ್ಳತನದ ಕೇಸು.

ಕುಂಬಳೆಯ ಮನೆ: ಸರ್, ಸ್ವಲ್ಪ ಹೆದರಿಕೆ ಆಗಿ ಕೇಳ್ತಿದ್ದೇನೆ. ಎರಡು ವರ್ಷದ ಹಿಂದೆ ಸೋಲಾರ್ ಹಾಕಿಸಿದ್ದು, ಯಜಮಾನರು ಗಲ್ಫಿನಲ್ಲಿ. ಮಳೆಗಾಲದಲ್ಲಿ ಬೆಳಿಗ್ಗೆ ಇನ್ವರ್ಟರಿನಲ್ಲಿ "ಐಸೋ" ಅಂತ ಏನೋ ಎರರ್ ಬಂದು ಹತ್ತು ಗಂಟೆಯ ಮೇಲೆ ತಾನೇ ಸರಿಯಾಗ್ತಿತ್ತು. ಹಾಕಿದವನು "ಆಫ್ ಮಾಡಿ ಆನ್ ಮಾಡಿ, ಏನೂ ಆಗಲ್ಲ" ಅಂದ. ಈಗ ಆತ ಫೋನ್ ತೆಗೆಯುವುದಿಲ್ಲ. ಮೂರು ದಿನದಿಂದ ಮಧ್ಯಾಹ್ನ ಟೆರೇಸಿನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಒಂದು ಕಡೆ ವಯರಿನ ಕೂಡಿಕೆ ಕಪ್ಪಾಗಿ ಮೆತ್ತಗಾಗಿದೆ. ಅತ್ತೆ ಹೇಳ್ತಾರೆ, ಒದ್ದೆ ಗೋಣಿ ಸುತ್ತು ಅಂತ. ಇನ್ನೊಂದು ಗ್ರೂಪಿನಲ್ಲಿ ಎಂ-ಸೀಲ್ ಹಚ್ಚಲಿಕ್ಕೆ ಹೇಳಿದ್ದಾರೆ.

ಇಂಜಿನಿಯರ್: ಅಕ್ಕ, ಬೇರೆ ಎಲ್ಲ ಬಿಟ್ಟು ಇದನ್ನು ಓದಿ. ಗೋಣಿ ಬೇಡ. ನೀರು ಬೇಡ. ಎಂ-ಸೀಲ್ ಬೇಡ. ಆ ಕೂಡಿಕೆಯನ್ನು ಕೈಯಲ್ಲಿ ಮುಟ್ಟಬೇಡಿ, ಎಳೆಯಬೇಡಿ.

ಈಗಲೇ ಕೆಳಗೆ ಇನ್ವರ್ಟರಿನ ಹತ್ತಿರ ಹೋಗಿ. ಮೊದಲು ಎಸಿ ಬ್ರೇಕರ್ ಆಫ್ ಮಾಡಿ, ಅಂದರೆ ಇನ್ವರ್ಟರಿನಿಂದ ಮನೆಯ ಬೋರ್ಡಿಗೆ ಹೋಗುವ ಕಡೆಯದ್ದು. ಇನ್ವರ್ಟರ್ ಕೆಲಸ ನಿಲ್ಲಿಸ್ತದೆ, ಮೇಲಿನ ವಯರಿನಲ್ಲಿ ಕರೆಂಟು ಹರಿಯುವುದು ನಿಲ್ತದೆ. ಆಮೇಲೆ ಡಿಸಿ ಐಸೊಲೇಟರ್, ಅಂದರೆ ಪ್ಯಾನೆಲ್ಲಿನಿಂದ ಬರುವ ಕಡೆಯ ಸ್ವಿಚ್, ಆಫ್. ಈ ಕ್ರಮ ತಪ್ಪಬಾರದು. ಇಷ್ಟು ಮಾಡಿ ಇಲ್ಲಿ ಬರೆಯಿರಿ.

ಕುಂಬಳೆಯ ಮನೆ: ಆಫ್ ಮಾಡಿದೆ ಸರ್. ಎರಡೂ.

ಇಂಜಿನಿಯರ್: ಒಳ್ಳೆಯದು. ಈಗ ಯಾಕೆ ಅಂತ ಹೇಳ್ತೇನೆ, ಉಳಿದವರೂ ಓದಿ. ಮನೆಯ ಪ್ಲಗ್ಗಿನ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿದು ಏರ್ತದೆ. ಅಲ್ಲಿ ಕಿಡಿ ಹಾರಿದರೆ ಆ ಸೊನ್ನೆಯಲ್ಲಿ ಆರಲಿಕ್ಕೆ ಅವಕಾಶ ಉಂಟು. ಪ್ಯಾನೆಲ್ಲಿನಿಂದ ಬರುವುದು ಡಿಸಿ, ಅದಕ್ಕೆ ಸೊನ್ನೆಯೇ ಇಲ್ಲ. ಒಮ್ಮೆ ಕಿಡಿ ಹಿಡಿಯಿತೋ, ವೆಲ್ಡಿಂಗ್ ಮಾಡಿದ ಹಾಗೆ ಉರಿಯುತ್ತಾ ಇರ್ತದೆ. ಆರು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 300 ವೋಲ್ಟಿನ ಹತ್ತಿರ, ಮಧ್ಯಾಹ್ನ ಹತ್ತು ಹನ್ನೆರಡು ಆಂಪಿಯರ್. ವಾಸನೆ ಮಧ್ಯಾಹ್ನ ಮಾತ್ರ ಬರುವುದು ಅದಕ್ಕೇ, ಆಗ ಕರೆಂಟು ಜಾಸ್ತಿ.

"ಐಸೋ" ಎರರ್ ಅಂದರೆ ಮೇಲಿನ ವಯರಿನಿಂದ ಎಲ್ಲೋ ಕರೆಂಟು ನೆಲಕ್ಕೆ ಸೋರ್ತಿದೆ ಅಂತ. ಬೆಳಿಗ್ಗೆ ಒದ್ದೆ ಇರುವಾಗ ಸೋರ್ತದೆ, ಬಿಸಿಲಿಗೆ ಒಣಗಿದ ಮೇಲೆ ನಿಲ್ತದೆ. ಆ ಕೂಡಿಕೆಯೊಳಗೆ ನೀರು ಹೋಗ್ತಿದೆ ಅಂತ ನಿಮ್ಮ ಇನ್ವರ್ಟರ್ ಮೊದಲೇ ಹೇಳ್ತಾ ಇತ್ತು. ಆಫ್ ಮಾಡಿ ಆನ್ ಮಾಡಿ ಅಂದವನಿಗೆ ಇದು ಗೊತ್ತಿರಬೇಕಿತ್ತು. ನನಗೆ ಸಿಟ್ಟು ಬರುವುದು ಇಲ್ಲಿ.

ಒಂದು ಕೆಲಸ ಮಾಡಿ. ದೂರದಿಂದ ಜೂಮ್ ಮಾಡಿ ಫೋಟೋ ತೆಗೆದು ಕಳುಹಿಸಿ. ಹತ್ತಿರ ಹೋಗಬೇಡಿ. ಕೆಳಗೆ ಸ್ವಿಚ್ ಆಫ್ ಆದರೂ ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ಲಿನಿಂದ ಐಸೊಲೇಟರಿನವರೆಗಿನ ವಯರಿನಲ್ಲಿ ವೋಲ್ಟೇಜ್ ಇದ್ದೇ ಇರ್ತದೆ.

ಕುಂಬಳೆಯ ಮನೆ: (ಫೋಟೋ)

ಇಂಜಿನಿಯರ್: ಕಂಡಿತು. ಒಂದು ಕಡೆಯ ಪಿನ್ನು ಒಂದು ಕಂಪೆನಿಯದ್ದು, ಇನ್ನೊಂದು ಕಡೆಯದ್ದು ಬೇರೆ. ನೋಡಲಿಕ್ಕೆ ಎರಡೂ ಎಂಸಿ4 (ಪ್ಯಾನೆಲ್ ವಯರು ಕೂಡಿಸುವ ಪಿನ್ನಿನ ಮಾದರಿ), ಸಿಕ್ಕಿಸಿದರೆ ಕೂರ್ತದೆ, ಒಳಗೆ ಮಾತ್ರ ಬಿಗಿ ಇಲ್ಲ. ಸಡಿಲ ಇರುವಲ್ಲಿ ಬಿಸಿ. ಅದರ ಆಚೆ ಕಪ್ಪು ಟೇಪು ಸುತ್ತಿದ್ದು ಕಾಣ್ತದೆ, ಅಲ್ಲಿ ಅಳಿಲೋ ಇಲಿಯೋ ಕಚ್ಚಿದ್ದನ್ನು ಮುಚ್ಚಿದ್ದಿರಬೇಕು. ಆ ಇಡೀ ತುಂಡು ಬದಲಾಗಬೇಕು, ಎರಡೂ ಕಡೆ ಒಂದೇ ಕಂಪೆನಿಯ ಪಿನ್ನು, ಸರಿಯಾದ ಕ್ರಿಂಪಿಂಗ್ ಉಪಕರಣದಲ್ಲಿ ಒತ್ತಿದ್ದು. ಅರ್ಥಿಂಗಿನ ರೆಸಿಸ್ಟೆನ್ಸ್ ಅಳೆಯಬೇಕು. ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಿಡಿಲು ಬರುವ ಮೊದಲು, ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರನ್ನೂ ನೋಡಬೇಕು. ಸೂರ್ಯ ಮುಳುಗಿದ ಮೇಲೆ ನಾನೇ ಬರ್ತೇನೆ. ಅಷ್ಟರೊಳಗೆ ಹೊಗೆ ಕಂಡರೆ ಎಲ್ಲರೂ ಹೊರಗೆ ಬಂದು 101ಕ್ಕೆ ಫೋನ್ ಮಾಡಿ, ಮಾಡಿನ ಮೇಲೆ ಸೋಲಾರ್ ಉಂಟು ಅಂತ ಮೊದಲೇ ಹೇಳಿ. ಇನ್ವರ್ಟರನ್ನು ಮತ್ತೆ ಆನ್ ಮಾಡಬೇಡಿ, ಎರಡು ದಿನದ ಬಿಲ್ಲು ಹೋಗಲಿ.

ಎಂ-ಸೀಲ್ ಹೇಳಿದವರ ಗ್ರೂಪಿಗೆ ಇದನ್ನು ಕಳುಹಿಸಿ. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಇದನ್ನು ಮಾಡಿ.

ಕುಂಬಳೆಯ ಮನೆ: ಸರಿ ಸರ್. ದೊಡ್ಡ ಉಪಕಾರ.

ಬದಿಯಡ್ಕದ ನಿವೃತ್ತ: ಪ್ಯಾನೆಲ್ ತೊಳೆಯಲಿಕ್ಕೆ ಸಾಬೂನು ಪುಡಿ, ಉಪ್ಪು, ಸೀಮೆಎಣ್ಣೆ ಮಿಶ್ರಣ ಅಂತ ವೀಡಿಯೋ ನೋಡಿದೆ. ಇಳುವರಿ ಇಮ್ಮಡಿ ಅಂತೆ.

ಇಂಜಿನಿಯರ್: ಬೆಳಿಗ್ಗೆ ತಣ್ಣಗಿರುವಾಗ ಬರೀ ನೀರು, ಮೆತ್ತನೆ ಬಟ್ಟೆ. ಉಪ್ಪು ಅಲ್ಯುಮಿನಿಯಂ ತಿನ್ನುತ್ತದೆ. ಸೀಮೆಎಣ್ಣೆಯ ಬಗ್ಗೆ ನಾನೇನೂ ಹೇಳುವುದಿಲ್ಲ.

ಪುತ್ತಿಗೆ ಯುವಕ: ಸರ್ ಸಬ್ಸಿಡಿ ಎಷ್ಟು ಸಿಗ್ತದೆ?

ಇಂಜಿನಿಯರ್: ಮೇಲೆ ಬರೆದಿದ್ದೇನೆ.

ಪೆರ್ಲದ ಭಟ್ಟ: ಪೋರ್ಟಲಿನ ಕೆಲಸ ಆಯ್ತು ಸರ್. ಕೆಎಸ್ಇಬಿಯ ಸೆಕ್ಷನ್ ಆಫೀಸಿನಿಂದ ಬಂದ ಮೆಸೇಜು ಪೂರ್ತಿ ಮಲಯಾಳ. ಓದಲಿಕ್ಕೆ ಮಗಳನ್ನು ಕಾಯಬೇಕು.

ಪೈವಳಿಕೆ ರೈ: ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಗೋಳು ಭಟ್ರೇ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಕಾಗದದಲ್ಲಿ ಉಂಟು. ಕನ್ನಡ ಅರ್ಜಿ ಕೇಳಿದರೆ ನಮ್ಮ ಮುಖ ನೋಡ್ತಾರೆ.

ಬಾಯಾರು ಶೆಟ್ಟಿ: ಎಪ್ಪತ್ತು ವರ್ಷದಲ್ಲಿ ಮಲಯಾಳ ಓದಲಿಕ್ಕೆ ಕಲಿಯಬಹುದಿತ್ತಲ್ಲ?

ಪೈವಳಿಕೆ ರೈ: ಕಲಿತಿದ್ದೇನೆ. ನಿಮಗಿಂತ ಚೆನ್ನಾಗಿ. ಪ್ರಶ್ನೆ ಅದಲ್ಲ. ಸಿಡಿಲಿನ ಎಚ್ಚರಿಕೆ, ತಂತಿ ಕಡಿದು ಬಿದ್ದರೆ ಮುಟ್ಟಬೇಡಿ ಅನ್ನುವ ಸೂಚನೆ ನನ್ನ ಎಂಬತ್ತರ ಅಮ್ಮನಿಗೆ ಕನ್ನಡದಲ್ಲಿ ಬರಬೇಕು. ಬಾರದಿದ್ದರೆ ಯಾರ ಜೀವ ಹೋಗುವುದು?

ಮಂಗಳೂರಿನಲ್ಲಿರುವ ಕಾಸರಗೋಡಿಗ: ಶೆಟ್ರಿಗೆ ಎಲ್ಲದಕ್ಕೂ ಸರಕಾರದ ವಕಾಲತ್ತು.

ಬಾಯಾರು ಶೆಟ್ಟಿ: ನಿಮಗೆ ಎಲ್ಲದಕ್ಕೂ ಮಂಗಳೂರಿನಿಂದ ಕಲ್ಲು. ಇದು ಸೋಲಾರಿನ ಪ್ರಶ್ನೋತ್ತರವೋ, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸುವ ವಿಲೀನೀಕರಣದ ಹೋರಾಟವೋ?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ದಯವಿಟ್ಟು.

ಇಂಜಿನಿಯರ್: ರೈಗಳು ಹೇಳಿದ ಸುರಕ್ಷತೆಯ ಮಾತು ಸರಿ. ಭಟ್ರೇ, ಮೆಸೇಜಿನ ಸ್ಕ್ರೀನ್‌ಶಾಟ್ ನನಗೆ ಖಾಸಗಿಯಾಗಿ ಕಳುಹಿಸಿ.

ಉಪ್ಪಳದ ಆಟೋ: ಸರ್, ಕರೆಂಟಿನ ಆಟೋ ತೆಗೊಂಡಿದ್ದೇನೆ. ರಾತ್ರಿ ಎಂಟಕ್ಕೆ ಮನೆಗೆ ಬಂದು ಚಾರ್ಜಿಗೆ ಹಾಕ್ತೇನೆ. ಪ್ಲಗ್ಗು ಬಿಸಿ ಆಗ್ತದೆ. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ತೆಗೆದದ್ದು.

ಇಂಜಿನಿಯರ್: ಎಕ್ಸ್‌ಟೆನ್ಷನ್ ಇವತ್ತೇ ತೆಗೆಯಿರಿ. ಆಟೋ ನಿಲ್ಲುವಲ್ಲಿಗೆ ಬೋರ್ಡಿನಿಂದ ನೇರ ಬೇರೆ ವಯರ್, 16 ಆಂಪಿಯರಿನ ಪ್ಲಗ್ಗು, ಅದಕ್ಕೇ ಒಂದು ಬ್ರೇಕರು ಮತ್ತು ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ. ಚಾರ್ಜಿಗೆ ಹಾಕುವುದು ಹತ್ತರ ಮೇಲೆ, ಎಂಟಕ್ಕಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೆಎಸ್ಇಬಿಯ ಕಂಬದ ಚಾರ್ಜಿಂಗ್ ಪಾಯಿಂಟ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಹಗಲಿನ ಕರೆಂಟಿನಲ್ಲಿ ಓಡಿದ ಆಟೋ ನಿಜಕ್ಕೂ ಹೊಗೆ ಕಡಿಮೆ ಮಾಡಿದ ಆಟೋ.

ದೇಲಂಪಾಡಿ ತೋಟ: ಅಡಿಕೆ, ರಬ್ಬರ್ ಇರುವವರಿಗೆ ಕಾರ್ಬನ್ ಕ್ರೆಡಿಟ್ (ಮರ ಹೀರುವ ಇಂಗಾಲದ ಲೆಕ್ಕಕ್ಕೆ) ಹಣ ಕೊಡ್ತೇವೆ ಅಂತ ಒಬ್ಬರು ಬಂದು ಆಧಾರ್, ಜಾಗದ ತೆರಿಗೆ ರಶೀದಿಯ ಫೋಟೋ ತೆಗೊಂಡು ಹೋದರು. ಎರಡು ಸಾವಿರ ನೋಂದಣಿ ಶುಲ್ಕ. ನಂಬಬಹುದಾ?

ಮುಳ್ಳೇರಿಯದ ಟೀಚರ್: ವಯನಾಡಿನ ಮೀನಂಗಾಡಿ ಪಂಚಾಯತಿನಲ್ಲಿ ಮರಕ್ಕೆ ಹಣ ಕೊಡುವ ಯೋಜನೆ ಉಂಟು ಅಂತ ಓದಿದ್ದೇನೆ. ಮರ ಕಡಿಯುವುದಿಲ್ಲ ಅಂತ ಒಪ್ಪಿದರೆ ಮರವೊಂದಕ್ಕೆ ವರ್ಷಕ್ಕೆ 50 ರೂಪಾಯಿ, ಬಡ್ಡಿಯಿಲ್ಲದ ಸಾಲದ ಹಾಗೆ, ಸಹಕಾರಿ ಬ್ಯಾಂಕಿನ ಮೂಲಕ. ಅಲ್ಲಿ ಪಂಚಾಯತೇ ಮುಂದೆ ನಿಂತು ಮಾಡಿದ್ದು. ಮನೆಬಾಗಿಲಿಗೆ ಬಂದು ಶುಲ್ಕ ಕೇಳುವವರದ್ದು ಅದಲ್ಲ.

ಬದಿಯಡ್ಕದ ನಿವೃತ್ತ: ನನ್ನ ಭಾವನಿಂದಲೂ ತೆಗೊಂಡು ಹೋಗಿದ್ದಾರೆ. ಹೆಸರು ಹೇಳಬಹುದಾ ಇಲ್ಲಿ?

ಅಡ್ಮಿನ್: ಹೆಸರು ಬೇಡ. ಪೊಲೀಸಿಗೆ ಹೇಳಿ.

ನೀರ್ಚಾಲು: ಕರೆಂಟು ಹೋದಾಗ ನಮ್ಮ ಸೋಲಾರೂ ಬಂದ್ ಆಗ್ತದೆ. ಬಿಸಿಲು ಇದ್ದರೂ. ಮೋಸ ಅಲ್ವಾ?

ಇಂಜಿನಿಯರ್: ಅಲ್ಲ. ಕಂಬದಲ್ಲಿ ಲೈನ್‌ಮ್ಯಾನ್ ಇರ್ತಾನೆ. ಅವನ ಜೀವ ಉಳಿಸಲಿಕ್ಕೆ ಇನ್ವರ್ಟರ್ ತಾನೇ ನಿಲ್ತದೆ. ಕರೆಂಟಿಲ್ಲದಾಗಲೂ ಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಬೇಕು, ಖರ್ಚು ಬೇರೆ.

ಮಂಜೇಶ್ವರ: ಮೂರು ಕಿಲೋವ್ಯಾಟಿಗೆ ಸಬ್ಸಿಡಿ?

ಇಂಜಿನಿಯರ್: 78,000. ಮೇಲೆ ಓದುವ ಅಭ್ಯಾಸ ಮಾಡಿ ಮಾರಾಯ್ರೆ.

ಮಂಜೇಶ್ವರ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಎಂತಕ್ಕೆ? ಪ್ರಶ್ನೋತ್ತರ ಅಂತ ಕರೆದದ್ದು ನೀವೇ.

ದೇಲಂಪಾಡಿ ತೋಟ: ನನ್ನ ಪ್ರಶ್ನೆಗೆ ಇಂಜಿನಿಯರ್ ಉತ್ತರ ಕೊಡಲಿಲ್ಲ.

ನೀರ್ಚಾಲು: ಬ್ಯಾಟರಿ ಖರ್ಚು ಎಷ್ಟು?

ಬಾಯಾರು ಶೆಟ್ಟಿ: ನಮಗೆ ಬ್ಯಾಟರಿಯ ಕಿರಿಕಿರಿ ಇಲ್ಲ. ಕರೆಂಟು ಹೋದರೆ ಜನರೇಟರ್ ಹಾಕಿ, ಎರಡೂ ತುದಿಗೆ ಪಿನ್ನು ಇರುವ ಕೇಬಲ್ ಉಂಟು, ಒಂದು ತುದಿ ಜನರೇಟರಿಗೆ, ಇನ್ನೊಂದು ಅಡಿಗೆಮನೆಯ ಪ್ಲಗ್ಗಿಗೆ. ಇಡೀ ಮನೆ ಬೆಳಕು. ಸೋಲಾರೂ ಆಗ ಶುರು ಆಗ್ತದೆ, ಡೀಸೆಲ್ ಉಳಿತಾಯ!

ಇಂಜಿನಿಯರ್: ಶೆಟ್ರೇ, ಮೇನ್ ಸ್ವಿಚ್ ಆಫ್ ಮಾಡ್ತೀರಾ?

ಬಾಯಾರು ಶೆಟ್ಟಿ: ಹೆಚ್ಚಾಗಿ ಮಾಡ್ತೇವೆ.

ಇಂಜಿನಿಯರ್: ಹೆಚ್ಚಾಗಿ! ಮಾಡದ ಒಂದು ದಿನ ನಿಮ್ಮ ಜನರೇಟರಿನ 230 ವೋಲ್ಟ್ ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋಗಿ ಆ ಕಡೆ 11,000 ಆಗಿ ಹೊರಬರ್ತದೆ. ಲೈನ್ ಆಫ್ ಉಂಟು ಅಂತ ನಂಬಿ ಕಂಬ ಹತ್ತಿದವನಿಗೆ. ಮಳೆಗಾಲದಲ್ಲಿ, ಮರ ಬಿದ್ದ ರಾತ್ರಿಯಲ್ಲಿ. ಆ ಕೇಬಲಿನ ಒಂದು ತುದಿ ಪ್ಲಗ್ಗಿನಿಂದ ಜಾರಿ ಹೊರಬಂದರೆ ಪಿನ್ನಿನಲ್ಲೇ ಕರೆಂಟು, ಮೊಮ್ಮಕ್ಕಳು ಓಡಾಡುವ ಅಡಿಗೆಮನೆಯಲ್ಲಿ. ಸೋಲಾರ್ ಶುರುವಾಗುವುದು ಉಳಿತಾಯವೂ ಅಲ್ಲ. ಇನ್ವರ್ಟರ್ ನಿಮ್ಮ ಜನರೇಟರನ್ನೇ ಗ್ರಿಡ್ಡು ಅಂತ ತಿಳಿದು ಅದರೊಳಗೆ ಕರೆಂಟು ತಳ್ಳಿದರೆ ಎರಡರಲ್ಲಿ ಒಂದು ಸುಟ್ಟುಹೋಗಬಹುದು.

ಬಾಯಾರು ಶೆಟ್ಟಿ: ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ.

ಇಂಜಿನಿಯರ್: ಆ ಕೇಬಲನ್ನು ಕತ್ತರಿಸಿ ಬಿಸಾಡಿ. ಲೈಸೆನ್ಸ್ ಇರುವ ವಯರ್‌ಮ್ಯಾನನ್ನು ಕರೆದು ಚೇಂಜ್‌ಓವರ್ ಸ್ವಿಚ್ (ಗ್ರಿಡ್ಡು, ಜನರೇಟರು ಎರಡರಲ್ಲಿ ಒಂದನ್ನೇ ಮನೆಗೆ ಕೊಡುವುದು) ಹಾಕಿಸಿ, ಸೋಲಾರಿನ ಲೈನು ಜನರೇಟರಿನ ಕಡೆಗೆ ಬಾರದ ಹಾಗೆ. ನಾನೀಗ ಕುಂಬಳೆಗೆ ಹೊರಟೆ. ಉಳಿದ ಪ್ರಶ್ನೆ ಮುಂದಿನ ಭಾನುವಾರಕ್ಕೂ ಇಲ್ಲ, ಆ ದಿನ ಮದುವೆ ಉಂಟು.

ಅಡ್ಮಿನ್: ಇವತ್ತಿಗೆ ಮೆಸೇಜು ಬಂದ್ ಮಾಡ್ತಿದ್ದೇನೆ. ಶೆಟ್ರೇ, ಸ್ವಿಚ್ ಹಾಕಿದ ಮೇಲೆ ಫೋಟೋ ಹಾಕಿ.